ಹಳೆ ಕಾರಿಗೆ ಕೋಲ್ಡ್ ಏರ್ ಇನ್‌ಟೇಕ್: ಐಡಲ್ ಏರಿಳಿತ ಸರಿಹೋದ ಬಗೆ

ನನ್ನ ಹಳೆ ಕಾರಿಗೆ ಪೈಪ್, ಫಿಲ್ಟರ್ ಎಲ್ಲ ಹೊಂದಿಸಿ, ಎಂಜಿನ್ನಿಗೆ ಹೊರಗಿನ ತಣ್ಣನೆ ಗಾಳಿ ಕೊಡುವ ಕೋಲ್ಡ್ ಏರ್ ಇನ್‌ಟೇಕ್ ಹಾಕಿದೆ. ಓಡಿಸುವಾಗ ಚೆನ್ನಾಗಿತ್ತು. ಆದರೆ ಸಿಗ್ನಲ್‌ನಲ್ಲಿ ನಿಂತರೆ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ) ಒಂದೇ ಸಮನೆ ಏರಿಳಿಯುತ್ತಿತ್ತು. ಚೆಕ್ ಎಂಜಿನ್ ದೀಪವೂ ಹತ್ತಿಕೊಂಡಿತು. ಸ್ಕ್ಯಾನರ್ ಹಾಕಿದರೆ ಪಿ0171 ಕೋಡ್, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ.

ಇಂಥ ಹೊತ್ತಲ್ಲಿ ಸುಮ್ನೆ ಹೊಸ ಸೆನ್ಸರ್ ಕೊಳ್ಳಬೇಡಿ. ಮಾಸ್ ಏರ್‌ಫ್ಲೋ ಸೆನ್ಸರ್ ತನ್ನನ್ನು ಹಾದುಹೋದ ಗಾಳಿಯನ್ನಷ್ಟೇ ಅಳೆಯುತ್ತದೆ. ಅದಕ್ಕೂ ಎಂಜಿನ್ನಿಗೂ ನಡುವೆ ಎಲ್ಲಾದರೂ ಗಾಳಿ ನುಸುಳಿದರೆ ಆ ಲೆಕ್ಕ ಇಸಿಯುಗೆ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ಸಿಗುವುದೇ ಇಲ್ಲ. ಹಾಗಾಗಿ ಆ ಭಾಗದ ಒಂದೊಂದು ಕ್ಲ್ಯಾಂಪನ್ನೂ ಕೈಯಿಂದ ಅಲುಗಾಡಿಸಿ ನೋಡಿದೆ. ಸಿಕ್ಕಿತು! ಬ್ರೀದರ್ ಹೋಸ್ (ಎಂಜಿನ್ ಒಳಗಿನ ಆವಿಯನ್ನು ಹೊರತರುವ ಕೊಳವೆ) ಹೊಸ ಪೈಪಿಗೆ ಸೇರುವ ಕಡೆ ಹಳೆ ರಬ್ಬರ್ ಗಟ್ಟಿಯಾಗಿ, ಕೆಳಬದಿಯಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಮೇಲಿಂದ ಕಾಣುತ್ತಿರಲಿಲ್ಲ, ಬಗ್ಗಿಸಿದಾಗ ಮಾತ್ರ ಬಾಯಿ ಬಿಡುತ್ತಿತ್ತು. ಎಣ್ಣೆ ತಾಳುವ ಹೊಸ ಹೋಸ್ ಹಾಕಿ, ಕ್ಲ್ಯಾಂಪ್ ಬಿಗಿದು, ಕೋಡ್ ಅಳಿಸಿದೆ. ಐಡಲ್ ಸಮವಾಯಿತು, ದೀಪ ಮತ್ತೆ ಹತ್ತಲಿಲ್ಲ.

ಇನ್ನು ಬಿಸಿಯ ವಿಷಯ. ಫಿಲ್ಟರ್ ಎಂಜಿನ್ ಕಾವಿನ ಪಕ್ಕದಲ್ಲೇ ಕೂತರೆ ಇಷ್ಟೆಲ್ಲ ಮಾಡಿ ಏನು ಬಂತು, ಅಲ್ವಾ? ಗಾಳಿ ಸುಮಾರು 3 ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಅದರ ಸಾಂದ್ರತೆ ಶೇಕಡಾ 1ರಷ್ಟು ಹೆಚ್ಚುತ್ತದೆ. ಅದಕ್ಕೇ ಅಲ್ಯೂಮಿನಿಯಂ ತಗಡಿನ ಅಡ್ಡಗೋಡೆ ಮಾಡಿ, ಅಂಚಿಗೆ ರಬ್ಬರ್ ಪಟ್ಟಿ ಕೊಟ್ಟು, ಬಾನೆಟ್‌ಗೆ ತಾಗುವಂತೆ ಕೂರಿಸಿದೆ. ಫಿಲ್ಟರನ್ನು ಬಂಪರ್ ಕೆಳಗೆ ಮಾತ್ರ ಇಳಿಸಲಿಲ್ಲ. ರಸ್ತೆಯಲ್ಲಿ ನಿಂತ ನೀರು ಎಳೆದುಕೊಂಡರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹೋಗಬಹುದು.