ಕೆಂಪು ಪೆನ್ನು ಹಿಡಿದ ಮೇಲೆ ಅವಳಿಗೆ ಜೀವ ಬಂತು

ಹೊಸ ಕಾದಂಬರಿಗೆ ಕೂತಾಗ ಮೊದಲು ಮಾಡಿದ ಕೆಲಸ ಮುಖ್ಯ ಪಾತ್ರದ ಬಯೋಡೇಟಾ ಬರೆದದ್ದು. ವಯಸ್ಸು 52, ಒಬ್ಬಂಟಿ, ಪ್ರೂಫ್ ನೋಡುವ, ಅಂದರೆ ಅಚ್ಚಿಗೆ ಮುಂಚೆ ಅಕ್ಷರದ ತಪ್ಪು ತಿದ್ದುವ ಕೆಲಸ, ಒಬ್ಬ ತಮ್ಮ ಇದ್ದಾನೆ, ಅವನ ಜೊತೆ 11 ವರ್ಷದಿಂದ ಮಾತಿಲ್ಲ. ಇಷ್ಟದ ಬಣ್ಣ, ಕನ್ನಡಕದ ನಂಬರು, ನಡೆಯುವ ರೀತಿ ಎಲ್ಲಾ ಸೇರಿ 14 ಪುಟ ಆಯಿತು. ಅದನ್ನು ಪಕ್ಕದಲ್ಲಿಟ್ಟುಕೊಂಡು 3 ಅಧ್ಯಾಯ ಬರೆದೆ. ಅವಳು ಬಂದಳು, ಕೂತಳು, ಎದ್ದಳು, ಹೋದಳು. ಜೀವ ಮಾತ್ರ ಇರಲಿಲ್ಲ.

ಒಂದು ತಿಂಗಳು ಹಾಗೇ ಬಿಟ್ಟೆ. ಆಮೇಲೆ ಪ್ರಶ್ನೆಯನ್ನೇ ಬದಲಾಯಿಸಿದೆ. ಅವಳು ಎಂಥವಳು ಅಂತ ಕೇಳುವುದು ಬಿಟ್ಟು, ತಡೆದುಕೊಳ್ಳಲಾಗದ್ದು ಎದುರಾದಾಗ ಅವಳ ಕೈ ಮೊದಲು ಎಲ್ಲಿಗೆ ಹೋಗುತ್ತದೆ ಅಂತ ಕೇಳಿಕೊಂಡೆ. ಪುಸ್ತಕಕ್ಕೆ ಬೇಕೋ ಬೇಡವೋ ನೋಡದೆ ಸುಮ್ನೆ ಒಂದು ದೃಶ್ಯ ಬರೆದೆ. ತಮ್ಮನ ಕಾಗದ ಬರುತ್ತದೆ, ಅವಳು ಒಡೆದು ಓದುತ್ತಾಳೆ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಎರಡನೇ ಸಾಲಿನಲ್ಲಿ ಅವನು 'ಸಂಬಂದ' ಅಂತ ಬರೆದಿದ್ದ. ಕೆಂಪು ಪೆನ್ನು ತೆಗೆದು ಆ ದಕಾರದ ಹೊಟ್ಟೆ ಸೀಳಿದಳು. ಹಾಗೇ ಸಾಲು ಸಾಲಾಗಿ ಇಳಿಯುತ್ತಾ, ಅವನು ಕ್ಷಮೆ ಕೇಳಿದ ಜಾಗದಲ್ಲೂ ಒಂದು ಅಲ್ಪವಿರಾಮ ಸೇರಿಸಿ, ಪೂರ್ತಿ ತಿದ್ದಿ ಮಡಚಿಟ್ಟಳು. ಮೇಲೆ 'ಅಕ್ಕ' ಅನ್ನುವಲ್ಲಿ ಒತ್ತು ಬಿಟ್ಟುಹೋಗಿತ್ತು. ಅದೊಂದನ್ನು ಮಾತ್ರ ಮುಟ್ಟಲಿಲ್ಲ.

ಬರೆದು ಮುಗಿಸಿದಾಗ ನನ್ನ ಕೈ ಸಣ್ಣಗೆ ನಡುಗುತ್ತಿತ್ತು. 14 ಪುಟದಲ್ಲಿ ಸಿಗದವಳು ಆ ಒಂದು ಒತ್ತಿನಲ್ಲಿ ಸಿಕ್ಕಿದ್ದಳು.

ಅಲ್ಲಿಂದ ಕಥೆ ತಾನಾಗೇ ಬಿಚ್ಚಿಕೊಂಡಿತು. ತಮ್ಮ ತನ್ನ ತಪ್ಪು ಒಪ್ಪಿಕೊಳ್ಳಲಿ ಅನ್ನುವುದು ಅವಳ ಆಸೆ. ಆದರೆ ಆ ಜಗಳದಲ್ಲಿ ಅವಳದ್ದೂ ಒಂದು ದೊಡ್ಡ ತಪ್ಪಿದೆ, ಅದು ಅವಳ ಕಣ್ಣಿಗೆ ಬೀಳುವುದೇ ಇಲ್ಲ, ದಿನವಿಡೀ ಬೇರೆಯವರ ತಪ್ಪು ಹುಡುಕುವ ಕಣ್ಣಲ್ವಾ ಅದು. ಆಸೆ ಒಂದು ಕಡೆ ಎಳೆಯುತ್ತದೆ, ಅವಳಿಗೆ ನಿಜವಾಗಿ ಆಗಬೇಕಾದದ್ದು ಇನ್ನೊಂದು ಕಡೆ. ಪ್ರತಿ ಅಧ್ಯಾಯದಲ್ಲೂ ಇವೆರಡರಲ್ಲಿ ಒಂದನ್ನು ಆರಿಸಲೇಬೇಕಾದ ಇಕ್ಕಟ್ಟಿಗೆ ಅವಳನ್ನು ತಳ್ಳುತ್ತಾ ಹೋದೆ.

ಮೊದಲು 'ಅವಳು' ಅಂತ ಬರೆಯುತ್ತಿದ್ದೆ. ಅದನ್ನು 'ನಾನು' ಮಾಡಿದೆ. ಅವಳೇ ಹೇಳಿದರೆ ತನ್ನ ಕಥೆಯನ್ನೂ ತಿದ್ದಿಯೇ ಹೇಳುತ್ತಾಳೆ, ಆ ತಿದ್ದಿದ ಗುರುತು ಓದುವವರಿಗೆ ಕಾಣಬೇಕು ಅನ್ನುವುದು ನನ್ನ ಲೆಕ್ಕ. ಮಾತಿನಲ್ಲೂ ಒಂದು ಗುಟ್ಟು ಇಟ್ಟೆ. ಸುಳ್ಳು ಹೇಳುವಾಗ ಅವಳ ವಾಕ್ಯ ಚೊಕ್ಕವಾಗಿರುತ್ತದೆ, ನಿಜ ಹೇಳುವಾಗ ಅರ್ಧಕ್ಕೇ ನಿಂತುಬಿಡುತ್ತದೆ. ಬರೆದದ್ದನ್ನೆಲ್ಲಾ ಜೋರಾಗಿ ಓದಿದಾಗಲೇ ಇದು ಎಲ್ಲಿ ತಪ್ಪಿದೆ ಅಂತ ಕಿವಿಗೆ ಗೊತ್ತಾಗುವುದು.

ಬಯೋಡೇಟಾದಲ್ಲಿ ಉಳಿದದ್ದು ವಯಸ್ಸು, ಕೆಲಸ, ತಮ್ಮ ಅಷ್ಟೇ. ಅದರ ಬದಲು ವರ್ಷಗಳ ಲೆಕ್ಕದ ಒಂದು ಹಾಳೆ ಮಾಡಿದೆ. ಜಗಳ ಆದಾಗ ಅವಳಿಗೆ 41, ತಮ್ಮನಿಗೆ 36. ಇದು ಬೇಕೇ ಬೇಕು, ನೂರನೇ ಪುಟದ ಹೊತ್ತಿಗೆ ಬರೆಯುವವರಿಗೇ ಮರೆತುಹೋಗಿರುತ್ತದೆ.

ಹೆಸರು ಕೊನೆಗೆ ಬಂತು, ಅದೂ ತಮ್ಮ ಅವಳನ್ನು ಕರೆಯುವ ದೃಶ್ಯ ಬರೆಯುವಾಗ.

ಕಾಗದದ ದೃಶ್ಯ ಈಗ 5ನೇ ಅಧ್ಯಾಯದಲ್ಲಿದೆ. ನಾನು 9ಕ್ಕೆ ಬಂದಿದ್ದೇನೆ. ಕಾಗದ ಇನ್ನೂ ಅವಳ ಮೇಜಿನ ಡ್ರಾಯರ್‌ನಲ್ಲೇ ಇದೆ, 'ಅಕ' ಹಾಗೇ ಇದೆ.