ಮೆತ್ತಗಿನ ಹೊಟ್ಟೆ, ನೀಲಿ ಚುಕ್ಕೆ

ಅಷ್ಟು ನೋವಿದ್ದರೂ ಹೊಟ್ಟೆ ಮೆತ್ತಗಿತ್ತು. ನನ್ನ ತಲೆಯಲ್ಲಿ ಹುಳ ಬಿಟ್ಟಿದ್ದು ಅದೇ.

ಅಪೆಂಡಿಕ್ಸ್ ಒಡೆದಿದ್ದರೆ, ಕರುಳು ತೂತಾಗಿದ್ದರೆ ಹೊಟ್ಟೆ ಬಿಗಿದುಕೊಳ್ಳುತ್ತದೆ, ಕೈ ಇಡೋಕೂ ಬಿಡುವುದಿಲ್ಲ. ಈ ರೋಗಿ ಮಾತ್ರ ನನ್ನ ಕೈಯನ್ನು ತಾವೇ ಹಿಡಿದು ಒತ್ತಿಕೊಂಡರು. ಒತ್ತಿದರೆ ಹಾಯೆನಿಸುತ್ತದೆ ಎಂದರು. ವಯಸ್ಸು ಐವತ್ತರ ಆಸುಪಾಸು, ಸಕ್ಕರೆ ಕಾಯಿಲೆ ಇದೆ, ಸ್ವಂತ ಅಂಗಡಿ. (ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.) ತಿಂಗಳುಗಟ್ಟಲೆ ಬಂದು ಹೋಗುವ ನೋವು, ಮಲಬದ್ಧತೆ, ಆಗಾಗ ವಾಂತಿ. ಅಲ್ಟ್ರಾಸೌಂಡ್, ಸಿಟಿ ಸ್ಕ್ಯಾನ್, ಎಂಡೋಸ್ಕೋಪಿ ಎಲ್ಲ ಮುಗಿಸಿ ದಪ್ಪ ಫೈಲ್ ಹಿಡಿದು ಬಂದಿದ್ದರು. ಎಲ್ಲಾ ನಾರ್ಮಲ್. ಒಂದು ಚೀಟಿಯಲ್ಲಿ ಮನೋವೈದ್ಯರಿಗೆ ತೋರಿಸಿ ಎಂದೂ ಬರೆದಿತ್ತು.

ಇಂಥ ಫೈಲ್ ಬಂದರೆ ನಾನು ಮೊದಲು ಸ್ಕ್ಯಾನ್‌ಗಳನ್ನು ಪಕ್ಕಕ್ಕಿಟ್ಟು ಸಾದಾ ರಕ್ತ ಪರೀಕ್ಷೆಯ ಹಾಳೆಗಳನ್ನು ತಾರೀಖಿನ ಪ್ರಕಾರ ಜೋಡಿಸುತ್ತೇನೆ. ದುಬಾರಿ ಪರೀಕ್ಷೆಗಳನ್ನು ಎಲ್ಲರೂ ನೋಡಿರುತ್ತಾರೆ. ಅಗ್ಗದವನ್ನು ಸುಮ್ನೆ ತಿರುಗಿಸಿ ಮುಂದೆ ಹೋಗಿರುತ್ತಾರೆ. ಜೋಡಿಸಿದಾಗ ಕಂಡಿದ್ದು ಇಷ್ಟು: ಹಿಮೋಗ್ಲೋಬಿನ್ ಮೆಲ್ಲಗೆ ಇಳಿಯುತ್ತಾ 8ಕ್ಕೆ ಬಂದಿದೆ, ಆದರೆ ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಸರಿಯಾಗಿದೆ. ಅಂದರೆ ಕಬ್ಬಿಣದ ಕೊರತೆ ಇಲ್ಲ. ರಕ್ತಸ್ರಾವವೂ ಇಲ್ಲ. ಮತ್ತೆ ರಕ್ತ ಹೋಗುತ್ತಿರುವುದೆಲ್ಲಿಗೆ?

ಹೊಟ್ಟೆ ನೋವು, ಸ್ಕ್ಯಾನ್ ನಾರ್ಮಲ್ ಎಂದಾಗ ನನ್ನ ಮನಸ್ಸಿನಲ್ಲಿ ಎರಡು ಹೆಸರು ಓಡುತ್ತವೆ: ಪೋರ್ಫೈರಿಯಾ ಎಂಬ ಅಪರೂಪದ ಕಾಯಿಲೆ ಮತ್ತು ಸೀಸದ ವಿಷ. ಎರಡೂ ದೇಹದಲ್ಲಿ ಹೀಮ್ (ಹಿಮೋಗ್ಲೋಬಿನ್ನಿನಲ್ಲಿ ಕಬ್ಬಿಣ ಹಿಡಿದಿಡುವ ಭಾಗ) ತಯಾರಾಗುವ ದಾರಿಯನ್ನೇ ಕೆಡಿಸುತ್ತವೆ, ಹಾಗಾಗಿ ನೋವೂ ಒಂದೇ ಥರ. ಪೋರ್ಫೈರಿಯಾದಲ್ಲಿ ಮೂತ್ರವನ್ನು ಬೆಳಕಿಗಿಟ್ಟರೆ ಸಾಮಾನ್ಯವಾಗಿ ಕಪ್ಪಾಗುತ್ತದೆ. ಒಂದು ಬಾಟಲಿ ಮೂತ್ರವನ್ನು ವಾರ್ಡಿನ ಕಿಟಕಿಯಲ್ಲಿ ಇಡಿಸಿದೆ. ಸಂಜೆಯಾದರೂ ಹಳದಿಯಾಗಿಯೇ ಇತ್ತು. ಅಷ್ಟಕ್ಕೇ ಅದನ್ನು ತಳ್ಳಿಹಾಕಲು ಆಗುವುದಿಲ್ಲ, ಆ ಕಾಯಿಲೆಯಲ್ಲಿ ಮೂತ್ರದಲ್ಲಿ ಹೆಚ್ಚುವ ಪೋರ್ಫೋಬಿಲಿನೋಜೆನ್ ಪರೀಕ್ಷೆಗೂ ಕಳಿಸಿದೆ. ಅದೂ ನಾರ್ಮಲ್ ಬಂತು.

ಅಷ್ಟರಲ್ಲಿ ಲ್ಯಾಬಿಗೆ ಹೋಗಿ ರಕ್ತದ ಸ್ಲೈಡ್ ಹಾಕಿಸಿದ್ದೆ. ಯಂತ್ರ ಕೊಡುವ ಪ್ರಿಂಟ್‌ಔಟ್ ಅಲ್ಲ, ಲೀಶ್ಮನ್ ಬಣ್ಣ ಹಾಕಿದ ಗಾಜಿನ ಸ್ಲೈಡ್. ಆಯಿಲ್ ಇಮ್ಮರ್ಶನ್ ಲೆನ್ಸ್ ಕೆಳಗೆ ನಿಧಾನಕ್ಕೆ ಸರಿಸುತ್ತಾ ಹೋದರೆ, ಗುಲಾಬಿ ಬಣ್ಣದ ಕೆಂಪು ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ಕಣದ ತುಂಬ ರಾಗಿ ಚೆಲ್ಲಿದ ಹಾಗೆ ಸಣ್ಣ ನೀಲಿ ಚುಕ್ಕೆಗಳು. ಬೇಸೋಫಿಲಿಕ್ ಸ್ಟಿಪ್ಲಿಂಗ್. ಬೆಳೆಯುವ ಕಣದಲ್ಲಿ ಉಳಿದ ಆರ್‌ಎನ್‌ಎಯನ್ನು ಗುಡಿಸುವ ಒಂದು ಕಿಣ್ವವಿದೆ. ಸೀಸ ಅದನ್ನು ತಡೆಯುತ್ತದೆ. ಕಸ ಅಲ್ಲೇ ಉಳಿದು ನೀಲಿಯಾಗಿ ಕಾಣುತ್ತದೆ. ಥಲಸ್ಸೀಮಿಯಾ ಎಂಬ ಅನುವಂಶೀಯ ರಕ್ತದ ಕಾಯಿಲೆಯಲ್ಲೂ ಈ ಚುಕ್ಕೆ ಇರಬಹುದು. ಆದರೆ ಇವರ ಹಳೆಯ ರಿಪೋರ್ಟುಗಳಲ್ಲಿ ಹಿಮೋಗ್ಲೋಬಿನ್ 14 ಇತ್ತು. ಹುಟ್ಟಿನಿಂದ ಬಂದ ಕಾಯಿಲೆ ಐವತ್ತಕ್ಕೆ ಹೀಗೆ ಶುರುವಾಗುವುದಿಲ್ಲ.

ವಾಪಸ್ ಬಂದು ಟಾರ್ಚ್ ಹಾಕಿ ಒಸಡು ನೋಡಿದೆ. ಕೆಳಗಿನ ಹಲ್ಲುಗಳ ಬುಡದಲ್ಲಿ ಸಣ್ಣ ನೀಲಿ-ಬೂದು ಗೆರೆ. ಸೀಸದ ವಿಷ ಏರಿದವರ ಒಸಡಿನಲ್ಲಿ ಕಾಣುತ್ತದೆ ಎಂದು 1840ರಲ್ಲಿ ವೈದ್ಯ ಹೆನ್ರಿ ಬರ್ಟನ್ ವಿವರಿಸಿದ ಗೆರೆ ಇದು. ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದವರೇ ಜಾಸ್ತಿ, ಕಣ್ಣಾರೆ ಕಂಡವರು ಕಡಿಮೆ.

ಸರಿ, ಸೀಸ ಬಂದಿದ್ದು ಎಲ್ಲಿಂದ? ಬ್ಯಾಟರಿ ಕೆಲಸ ಇಲ್ಲ, ಪೇಂಟ್ ಕೆಲಸ ಇಲ್ಲ. ಪೆಟ್ರೋಲಿನಿಂದ ಸೀಸ 2000ದಲ್ಲೇ ಹೋಯಿತು. "ಬೇರೆ ಔಷಧಿ ಏನಾದ್ರೂ?" ಎಂದು ಮೊದಲೇ ಕೇಳಿದ್ದೆ. ಇಲ್ಲ ಎಂದಿದ್ದರು. ಸುಳ್ಳು ಹೇಳಿರಲಿಲ್ಲ. ನಮ್ಮ ಜನಕ್ಕೆ ಔಷಧಿ ಎಂದರೆ ಇಂಗ್ಲಿಷ್ ಮಾತ್ರೆ, ಮಿಕ್ಕಿದ್ದು ಲೆಕ್ಕಕ್ಕಿಲ್ಲ. ಅದಕ್ಕೇ ಈಗ ಹೆಂಡತಿಯನ್ನು ಕೂರಿಸಿಕೊಂಡು ಬೇರೆ ಥರ ಕೇಳಿದೆ: "ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಇವರ ಬಾಯಿಗೆ ಏನೇನು ಹೋಗುತ್ತೆ, ಒಂದೊಂದಾಗಿ ಹೇಳಿ." ಕಾಫಿ, ಮೆಂತ್ಯದ ನೀರು, ಎಲೆಅಡಿಕೆ ಎಲ್ಲ ಬಂತು. ಕೊನೆಗೆ, "ಊಟಕ್ಕೆ ಮುಂಚೆ ಆ ಗುಳಿಗೆ" ಎಂದರು. ಸಕ್ಕರೆ ಕಾಯಿಲೆ ಪೂರ್ತಿ ಹೋಗುತ್ತದೆಂದು ಯಾರೋ ಕೊಟ್ಟದ್ದು. ಡಬ್ಬಿಗೆ ಲೇಬಲ್ಲೇ ಇರಲಿಲ್ಲ.

ಗುಳಿಗೆ ಎಂದ ಕೂಡಲೇ ನಾಗಭಸ್ಮ ನೆನಪಾಯಿತು. ಲೋಹಗಳಿಂದ ಔಷಧಿ ಮಾಡುವ ಆಯುರ್ವೇದದ ಶಾಖೆಯಾದ ರಸಶಾಸ್ತ್ರದಲ್ಲಿ ಸೀಸವನ್ನು ಸುಟ್ಟು ಮಾಡುವ ಭಸ್ಮ, ಪ್ರಮೇಹಕ್ಕೆ, ಅಂದರೆ ಸಕ್ಕರೆ ಕಾಯಿಲೆಯಂಥ ಮೂತ್ರದ ತೊಂದರೆಗಳಿಗೆ ಹೇಳಿದ್ದು. ಇದು ಅದೇನೋ, ಬೇರೆ ಇನ್ನೇನೋ, ಲೇಬಲ್ ಇಲ್ಲದ ಡಬ್ಬಿಯ ಬಗ್ಗೆ ಏನು ಹೇಳಲಿ? ಗುಳಿಗೆ ಅವತ್ತೇ ನಿಲ್ಲಿಸಿದೆ. ಸೀಸದ ಮಟ್ಟ ನೋಡಲು ರಕ್ತವನ್ನು ಲೋಹದ ಸೋಂಕಿಲ್ಲದ ಟ್ಯೂಬಿನಲ್ಲೇ ತೆಗೆಯಬೇಕು, ಇಲ್ಲದಿದ್ದರೆ ಸಂಖ್ಯೆಯನ್ನು ನಂಬೋ ಹಾಗಿಲ್ಲ. ವರದಿ ಡೆಸಿಲೀಟರಿಗೆ 90 ಮೈಕ್ರೋಗ್ರಾಂ ದಾಟಿತ್ತು. 5 ಆದರೇ ಮೂಲ ಹುಡುಕಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗುಳಿಗೆಯನ್ನೂ ಪರೀಕ್ಷೆಗೆ ಕಳಿಸಿದೆವು, ಅದರಲ್ಲಿ ಸೀಸ ಢಾಳಾಗಿ ಸಿಕ್ಕಿತು.

ಇಂಥ ಪತ್ತೆದಾರಿ ಹೊಸದೇನಲ್ಲ. ಇಂಗ್ಲೆಂಡಿನ ಡೆವನ್‌ನಲ್ಲಿ ಸೇಬಿನ ಸೈಡರ್ ಕುಡಿಯುವವರಿಗೆ ಹೀಗೇ ಹೊಟ್ಟೆ ನೋವು ಬರುತ್ತಿತ್ತು. ಪಕ್ಕದ ಬೇರೆ ಸೀಮೆಗಳಲ್ಲೂ ಸೈಡರ್ ಕುಡಿಯುತ್ತಿದ್ದರು, ಅಲ್ಲಿ ಈ ನೋವಿರಲಿಲ್ಲ. ಡೆವನ್ನಿನ ಗಾಣಗಳಲ್ಲಿ ಸೀಸ ಬಳಸುತ್ತಿದ್ದರು ಎಂದು 1767ರಲ್ಲಿ ತೋರಿಸಿದವರು ವೈದ್ಯ ಜಾರ್ಜ್ ಬೇಕರ್. ಅವರ ಕೈಯಲ್ಲಿ ಸ್ಕ್ಯಾನರ್ ಇರಲಿಲ್ಲ, ಯಾರು ಏನು ಕುಡಿಯುತ್ತಾರೆ ಎಂಬ ಪ್ರಶ್ನೆ ಇತ್ತು.

ಚಿಕಿತ್ಸೆಗೆ ನಮಗೆ ಬೇಗ ಸಿಕ್ಕಿದ್ದು ಡಿ-ಪೆನಿಸಿಲಮೈನ್, ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕಿಸುವ ಔಷಧಿ. ರಕ್ತಕಣ ಮತ್ತು ಮೂತ್ರದ ಪ್ರೋಟೀನ್ ಮೇಲೆ ಕಣ್ಣಿಟ್ಟು ಕೊಟ್ಟೆವು. ನೋವು ನಿಂತಿತು, ಮಟ್ಟ ಇಳಿಯಿತು. ಆಮೇಲೆ ಮತ್ತೆ ಸ್ವಲ್ಪ ಏರಿತು. ಗುಳಿಗೆ ಮತ್ತೆ ಶುರು ಮಾಡಿದರಾ ಎಂದು ಮನೆಯವರು ಅವರನ್ನೇ ಅನುಮಾನಿಸಿದರು. ಹಾಗೇನಿರಲಿಲ್ಲ. ರಕ್ತದ ಸೀಸ ಅರ್ಧಕ್ಕಿಳಿಯಲು ತಿಂಗಳು ಸಾಕು. ಮೂಳೆಯಲ್ಲಿ ಕೂತದ್ದು ವರ್ಷಗಟ್ಟಲೆ ಸೋರುತ್ತಲೇ ಇರುತ್ತದೆ.

ಇನ್ನೊಂದು ಪ್ರಶ್ನೆ ಉಳಿದಿತ್ತು: ಆ ಡಬ್ಬಿಯಿಂದ ಬೇರೆ ಯಾರು ತಿನ್ನುತ್ತಿದ್ದಾರೆ? ನಾದಿನಿ ಎಂದರು. ಅವರನ್ನೂ ಕರೆಸಿದೆವು. ಮಟ್ಟ 38. ಹೊಟ್ಟೆ ನೋವು ಇರಲಿಲ್ಲ. ಬರೀ ಸುಸ್ತು ಎಂದು ಕಬ್ಬಿಣದ ಮಾತ್ರೆ ನುಂಗುತ್ತಿದ್ದರು.