ಬೆಳಗಾವಿಯಲ್ಲಿ ನೀವು, ವಿಜಯಪುರದಲ್ಲಿ ದೋಸ್ತ: ಒಂದೇ ಹೊತ್ತಿಗೆ ವಿಡಿಯೊ ನೋಡುವುದು ಹೀಗೆ

ಬೇರೆ ಬೇರೆ ಊರಲ್ಲಿ ಕೂತು ಒಂದೇ ವಿಡಿಯೊ ನೋಡುವುದು ಸುಲಭ. ಒಂದೇ ಕ್ಷಣಕ್ಕೆ ನೋಡುವುದು ಅಷ್ಟು ಸುಲಭ ಅಲ್ಲ. ಕುಸ್ತಿಯಲ್ಲಿ ಪೈಲ್ವಾನ ಇನ್ನೂ ಡಾವ್ ಹಾಕುವ ಮೊದಲೇ ಫೋನಿನಲ್ಲಿ ದೋಸ್ತ "ಚಿತ್ ಮಾಡಿದಾ ನೋಡಲೇ!" ಎಂದು ಕೂಗಿದರೆ ನಿಮಗೆ ನೋಡಲು ಏನು ಉಳಿಯಿತು? ಹಾಡು ಕೇಳುವಾಗಲೂ ಅಷ್ಟೇ. ಕುಮಾರ ಗಂಧರ್ವರು ಹುಟ್ಟಿದ್ದು ನಮ್ಮ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ, 1924ರಲ್ಲಿ. ಅವರ ಹಳೆಯ ಕಛೇರಿಯೊಂದನ್ನು ಇಬ್ಬರೂ ಹಚ್ಚಿಕೊಂಡು ಕೂತಿದ್ದೀರಿ ಅಂದುಕೊಳ್ಳಿ. ತಾನ್ ಮುಗಿಸಿ ಅವರು ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದಾಗ ಇಬ್ಬರ ಬಾಯಿಂದಲೂ "ವ್ಹಾ" ಒಟ್ಟಿಗೆ ಬರಬೇಕು. ಮೂರು ಸೆಕೆಂಡ್ ಹಿಂದೆ ಮುಂದೆ ಆದರೆ ಆ ಖುಷಿ ಹೋಯಿತು.

ಇದಕ್ಕೆ ಬೇಕಾದಷ್ಟು ದಾರಿ ಇವೆ. ನನ್ನ ಸಲಹೆ ಕೇಳಿದರೆ, ಮೊದಲು ಯಾವ ಆ್ಯಪ್ ಕೂಡ ಹಾಕಿಕೊಳ್ಳಬೇಡಿ. ಫೋನ್ ಕಾಲ್ ಮತ್ತು ಎಣಿಕೆ, ಇಷ್ಟರಲ್ಲೇ ಅರ್ಧ ಕೆಲಸ ಆಗುತ್ತದೆ.

ಮೊದಲು ಒಬ್ಬರು ಲಿಂಕ್ ಕಳಿಸಿ. ಹೆಸರು ಹೇಳಿ "ಹುಡುಕಿಕೊ" ಅನ್ನಬೇಡಿ. ಒಂದೇ ದೊಡ್ಡಾಟದ ರೆಕಾರ್ಡಿಂಗನ್ನು ನಾಲ್ಕು ಜನ ಹಾಕಿರುತ್ತಾರೆ, ಒಬ್ಬೊಬ್ಬರದು ಒಂದೊಂದು ಕಡೆಯಿಂದ ಶುರುವಾಗುತ್ತದೆ. ಇಬ್ಬರೂ ತೆರೆದ ಮೇಲೆ ಮುಂದೆ ಬರುವ ಜಾಹೀರಾತು ಮುಗಿಯಲಿ. ಒಂದಿಷ್ಟು ಓಡಲಿ, ವಿಡಿಯೊ ಲೋಡ್ ಆಗಲಿ. ಆಮೇಲೆ ಇಬ್ಬರೂ 10ನೇ ಸೆಕೆಂಡಿಗೆ ತಂದು ನಿಲ್ಲಿಸಿ. ಒಬ್ಬರು "ಒಂದು, ಎರಡು, ಮೂರು" ಎಣಿಸಿ, ಮೂರಕ್ಕೆ ಇಬ್ಬರೂ ಒತ್ತಿ.

ಇಲ್ಲೊಂದು ಸೂಕ್ಷ್ಮ ಇದೆ. ನಿಮ್ಮ ಮಾತು ದೋಸ್ತನ ಕಿವಿಗೆ ತಕ್ಷಣ ತಲುಪುವುದಿಲ್ಲ, ಕಾಲ್‌ನಲ್ಲಿ ತುಸು ತಡವಾಗುತ್ತದೆ. ಹಾಗಾಗಿ ಎಣಿಸುವವರು ಯಾವಾಗಲೂ ಸ್ವಲ್ಪ ಮುಂದಿರುತ್ತಾರೆ. "ಮೂರು" ಅಂದು, ಒಂದು ಕ್ಷಣ ತಡೆದು ಒತ್ತಿದರೆ ಸಾಕು. ಸರಿಯಾಯಿತೋ ಇಲ್ಲವೋ ಎಂದು ನೋಡಲು ಕಿವಿಯೇ ಸಾಕು. ವಿಡಿಯೊ ಲ್ಯಾಪ್‌ಟಾಪಿನಲ್ಲೋ ಟಿವಿಯಲ್ಲೋ ಇದ್ದು, ಕಾಲ್ ಮೊಬೈಲಿನಲ್ಲಿದ್ದರೆ, ಮಾತು ಇರುವ ಕಡೆ ಇಬ್ಬರೂ ಸುಮ್ಮನಿದ್ದು ಕೇಳಿ. ಎದುರಿನವರ ಮನೆಯ ಸದ್ದು ಇಬ್ಬರಿಗೂ ಒಂದು ಚೂರು ತಡವಾಗಿ ಕೇಳಿದರೆ ಸರಿಯಾಗಿದೆ ಎಂದೇ ಅರ್ಥ, ಆ ತಡ ಕಾಲ್‌ನದ್ದು. ದೋಸ್ತನ ಮನೆಯ ಸದ್ದು ನಿಮ್ಮದಕ್ಕಿಂತ ಮೊದಲೇ ಬಂದರೆ ನೀವು ಹಿಂದಿದ್ದೀರಿ.

ಹಿಂದೆ ಬಿದ್ದವರು ಮುಂದೆ ಬರಲು ಎರಡು ದಾರಿ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ಇದ್ದರೆ ಬಾಣದ ಗುಂಡಿ 5 ಸೆಕೆಂಡ್ ಸರಿಸುತ್ತದೆ, ಜೆ ಮತ್ತು ಎಲ್ ಗುಂಡಿಗಳು 10 ಸೆಕೆಂಡ್ ಹಿಂದೆ ಮುಂದೆ ಒಯ್ಯುತ್ತವೆ. ಮೊಬೈಲಿನಲ್ಲಿ ಪರದೆಯ ಬದಿಗೆ ಎರಡು ಸಲ ತಟ್ಟಿದರೂ 10 ಸೆಕೆಂಡ್. ಆದರೆ ಎರಡು ಮೂರು ಸೆಕೆಂಡಿನ ವ್ಯತ್ಯಾಸಕ್ಕೆ ಇದು ಒರಟು. ಅದಕ್ಕೆ ವೇಗ ಬದಲಿಸುವುದು ಒಳ್ಳೆಯದು. 1.25 ವೇಗದಲ್ಲಿ 20 ಸೆಕೆಂಡ್ ಓಡಿಸಿದರೆ 5 ಸೆಕೆಂಡ್ ಹತ್ತಿರ ಬರುತ್ತೀರಿ, ಮಾತೂ ತಪ್ಪಿಹೋಗುವುದಿಲ್ಲ. ಇಲ್ಲವೇ ಮುಂದಿದ್ದವರು ಸುಮ್ನೆ ಅಷ್ಟು ಹೊತ್ತು ನಿಲ್ಲಿಸಿಕೊಂಡರೆ ಆಯಿತು.

ನಡುವೆ ಜಾಹೀರಾತು ಬರುವುದೇ ದೊಡ್ಡ ತೊಂದರೆ. ಒಬ್ಬರಿಗೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ಬಂದವರು ಕೂಡಲೇ "ಜಾಹೀರಾತು" ಎಂದು ಹೇಳಬೇಕು, ಇನ್ನೊಬ್ಬರು ನಿಲ್ಲಿಸಬೇಕು. ಅಷ್ಟೇ ನಿಯಮ.

ಪದೇ ಪದೇ ನೋಡುವವರಾದರೆ ಎಣಿಕೆ ಬೇಸರ ತರಿಸುತ್ತದೆ, ಆಗ ನೆಟ್‌ನಲ್ಲಿ ಇಬ್ಬರೂ ಸೇರಿ ಒಂದೇ ವಿಡಿಯೊ ನೋಡುವ ರೂಮಿಗೆ ಹೋಗಿ. ಯೂಟ್ಯೂಬ್ ವಿಡಿಯೊಗಳಿಗೆ ವಾಚ್‌ಟುಗೆದರ್ ಎಂಬ ತಾಣ ಸಾಕಾಗುತ್ತದೆ. ಬ್ರೌಸರಿನಲ್ಲಿ ತೆರೆದು, ರೂಮ್ ಮಾಡಿ, ಅದರ ಲಿಂಕ್ ದೋಸ್ತನಿಗೆ ಕಳಿಸಿ, ವಿಡಿಯೊ ಲಿಂಕ್ ಒಳಗೆ ಹಾಕಿ. ಒಬ್ಬರು ನಿಲ್ಲಿಸಿದರೆ ಇಬ್ಬರದೂ ನಿಲ್ಲುತ್ತದೆ. ಹಣ ಕೊಟ್ಟು ನೋಡುವ ಸಿನಿಮಾ, ಸರಣಿಗಳಿಗೆ ಟೆಲಿಪಾರ್ಟಿ ಇದೆ. ಮೊದಲು ಅದರ ಹೆಸರು ನೆಟ್‌ಫ್ಲಿಕ್ಸ್ ಪಾರ್ಟಿ, 2020ರಲ್ಲಿ ಹೊಸ ಹೆಸರು ಬಂತು. ಅದು ಕಂಪ್ಯೂಟರಿನ ಕ್ರೋಮ್ ಬ್ರೌಸರಿಗೆ ಸೇರಿಸಿಕೊಳ್ಳುವ ಎಕ್ಸ್‌ಟೆನ್ಷನ್. ಇಬ್ಬರಿಗೂ ಅವರವರ ಚಂದಾ ಇರಲೇಬೇಕು, ಒಬ್ಬರ ಚಂದಾದಲ್ಲಿ ಇಬ್ಬರು ನೋಡುವ ಉಪಾಯ ಇದಲ್ಲ. ಇಬ್ಬರ ಹತ್ತಿರವೂ ಐಫೋನ್ ಇದ್ದರೆ ಫೇಸ್‌ಟೈಮ್ ಕಾಲ್‌ನಲ್ಲಿ ಶೇರ್‌ಪ್ಲೇ ಬಳಸಬಹುದು. 2021ರಿಂದ ಇದೆ, ಆದರೆ ಅದಕ್ಕೆ ಹೊಂದುವ ಆ್ಯಪ್‌ಗಳಲ್ಲಿ ಮಾತ್ರ ನಡೆಯುತ್ತದೆ.

ಯಾವುದೇ ರೂಮ್ ಆಗಲಿ, ರಿಮೋಟ್ ಒಬ್ಬರ ಕೈಯಲ್ಲೇ ಇರಲಿ. ಇಬ್ಬರೂ ಒತ್ತಲು ಶುರು ಮಾಡಿದರೆ ಒಬ್ಬರು ನಿಲ್ಲಿಸಿದ್ದನ್ನು ಇನ್ನೊಬ್ಬರು ಓಡಿಸುತ್ತಾರೆ, ವಿಡಿಯೊ ಮುಂದೆ ಹೋಗುವುದೇ ಇಲ್ಲ. ಇವತ್ತು ನೀವು, ನಾಳೆ ದೋಸ್ತ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಿಂಕ್‌ಪ್ಲೇ. ಇಬ್ಬರ ಕಂಪ್ಯೂಟರಿನಲ್ಲೂ ಇರುವ ಫೈಲನ್ನು ಒಂದೇ ಹೊತ್ತಿಗೆ ಓಡಿಸುವ ಉಚಿತ, ಮುಕ್ತ ತಂತ್ರಾಂಶ. ನಮ್ಮ ಕಡೆಯವರಿಗೆ ಇದು ಬಹಳ ಉಪಯೋಗ, ಯಾಕಂದರೆ ನಮ್ಮ ಒಳ್ಳೆಯ ವಿಡಿಯೊಗಳು ಎಷ್ಟೋ ನೆಟ್‌ನಲ್ಲಿ ಇಲ್ಲ. ಜಾತ್ರೆಯಲ್ಲಿ ನೀವೇ ಮೊಬೈಲಿನಲ್ಲಿ ತೆಗೆದ ಸಣ್ಣಾಟ, ಅಕ್ಕನ ಲಗ್ನದ ವಿಡಿಯೊ, ಊರಿನ ಗೀಗೀ ಪದದ ರೆಕಾರ್ಡಿಂಗ್, ಇವೆಲ್ಲ ಪೆನ್‌ಡ್ರೈವಿನಲ್ಲಿ ಬಿದ್ದಿರುತ್ತವೆ. ಸಿಂಕ್‌ಪ್ಲೇ ವಿಡಿಯೊವನ್ನು ಕಳಿಸುವುದಿಲ್ಲ. ಫೈಲ್ ಇಬ್ಬರ ಕಂಪ್ಯೂಟರಿನಲ್ಲೂ ಮೊದಲೇ ಇರಬೇಕು, ಗೂಗಲ್ ಡ್ರೈವಿನಲ್ಲಿ ಹಾಕಿ ಕಳಿಸಿ, ಇಲ್ಲ ಊರಿಗೆ ಬಂದಾಗ ಕೊಟ್ಟುಬಿಡಿ. ವಿಎಲ್‌ಸಿ ಅಥವಾ ಎಂಪಿವಿ ಪ್ಲೇಯರ್ ಜೊತೆ ಸಿಂಕ್‌ಪ್ಲೇ ಹಾಕಿಕೊಂಡು, ಇಬ್ಬರೂ ಒಂದೇ ಸರ್ವರ್, ಒಂದೇ ರೂಮ್ ಹೆಸರು ಕೊಟ್ಟು ಒಳಗೆ ಬನ್ನಿ. ನೆಟ್‌ನಲ್ಲಿ ಹೋಗುವುದು "ಈಗ ಇಷ್ಟನೇ ನಿಮಿಷ, ನಿಂತಿದೆ, ಓಡುತ್ತಿದೆ" ಎಂಬ ಸಣ್ಣ ಸುದ್ದಿ ಮಾತ್ರ, ಹಾಗಾಗಿ ಹಳ್ಳಿಯ ನಿಧಾನ ನೆಟ್ ಆದರೂ ನಡೆಯುತ್ತದೆ. ಒಬ್ಬರು ಸ್ವಲ್ಪ ಮುಂದೆ ಹೋದರೆ ತಾನೇ ವೇಗ ತಗ್ಗಿಸಿ ಸರಿಮಾಡುತ್ತದೆ, ಬಹಳ ಮುಂದೆ ಹೋದರೆ ಹಿಂದಕ್ಕೆ ತರುತ್ತದೆ. ಎರಡೂ ಕಡೆ ಇರುವ ಫೈಲ್ ಬೇರೆ ಬೇರೆ ಎನಿಸಿದರೆ ಎಚ್ಚರಿಸುತ್ತದೆ ಕೂಡ.

ವಾಟ್ಸ್‌ಆ್ಯಪ್ ವಿಡಿಯೊ ಕಾಲ್‌ನಲ್ಲಿ ಸ್ಕ್ರೀನ್ ಶೇರ್ 2023ರಲ್ಲಿ ಬಂತು, ಎಲ್ಲರೂ ಮೊದಲು ಮಾಡುವುದೇ ಅದು. ಎರಡು ನಿಮಿಷದ ವಿಡಿಯೊ ತೋರಿಸಲು ಸಾಕು. ಆದರೆ ಚಿತ್ರ ಕುಗ್ಗಿ, ಮಸುಕಾಗಿ ಹೋಗುತ್ತದೆ, ಕುಸ್ತಿಯಲ್ಲಿ ಯಾರ ಕೈ ಯಾರ ಕಾಲು ತಿಳಿಯುವುದಿಲ್ಲ. ಚಂದಾ ಆ್ಯಪ್‌ಗಳ ಸಿನಿಮಾ ಆದರೆ ನಕಲು ತಡೆಯುವ ಬೀಗದಿಂದಾಗಿ ಸಾಮಾನ್ಯವಾಗಿ ದೋಸ್ತನಿಗೆ ಕಾಣುವುದು ಕಪ್ಪು ಪರದೆ. ಅದು ನಿಮ್ಮ ಫೋನಿನ ದೋಷ ಅಲ್ಲ.

ಲೈವ್ ಬೇರೆಯದೇ ಕಥೆ. ಒಬ್ಬರ ಮನೆಯಲ್ಲಿ ಡಿಶ್, ಇನ್ನೊಬ್ಬರ ಕೈಯಲ್ಲಿ ಮೊಬೈಲ್ ಇದ್ದರೆ ಮೊಬೈಲಿನವರು ಸಾಮಾನ್ಯವಾಗಿ ಹಿಂದಿರುತ್ತಾರೆ. ಕ್ರಿಕೆಟ್‌ನಲ್ಲಿ ವಿಕೆಟ್ ಬೀಳುವುದು ಅವರಿಗೆ ಮೊದಲು ಫೋನಿನಲ್ಲಿ ಕೇಳುತ್ತದೆ, ಆಮೇಲೆ ಕಾಣುತ್ತದೆ. ಇಬ್ಬರೂ ಒಂದೇ ಆ್ಯಪ್, ಒಂದೇ ಲಿಂಕ್‌ಗೆ ಬನ್ನಿ. ಅಲ್ಲೂ ಕೆಲವು ಸೆಕೆಂಡ್ ವ್ಯತ್ಯಾಸ ಇದ್ದೇ ಇರುತ್ತದೆ. ಬೌಲರ್ ಓಡಲು ಶುರು ಮಾಡಿದ ಕ್ಷಣ ಇಬ್ಬರೂ "ಹ್ಞಾಂ" ಅನ್ನಿ. ಮೊದಲು ಅಂದವರು ಅಷ್ಟು ಹೊತ್ತು ನಿಲ್ಲಿಸಿ ಮತ್ತೆ ಓಡಿಸಿ. ಆಮೇಲೆ ಆ ಕೆಂಪು ಚುಕ್ಕೆಯ ಲೈವ್ ಗುಂಡಿ ಒತ್ತಬೇಡಿ, ಒತ್ತಿದರೆ ವಿಡಿಯೊ ಮತ್ತೆ ತುದಿಗೆ ಹಾರಿ ಮಾಡಿದ್ದೆಲ್ಲ ಹೋಗುತ್ತದೆ.

ಸದ್ದಿನ ವಿಷಯಕ್ಕೆ ಬಹಳ ಜನ ಗಮನ ಕೊಡುವುದಿಲ್ಲ, ನನಗೆ ಇದೇ ಮುಖ್ಯ. ಇಬ್ಬರೂ ಸ್ಪೀಕರ್ ಹಾಕಿಕೊಂಡು ಕೂತರೆ ಪ್ರತಿ ಮಾತೂ ಗೋಳಗುಮ್ಮಟದೊಳಗೆ ಕೂಗಿದ ಹಾಗೆ ತಿರುಗಿ ತಿರುಗಿ ಬರುತ್ತದೆ. ಆರಂಭದಲ್ಲಿ ಹೊಂದಿಸಲು ಸ್ಪೀಕರ್ ಇರಲಿ, ಹೊಂದಿದ ಮೇಲೆ ಕಾಲ್‌ಗೆ ಇಯರ್‌ಫೋನ್ ಹಾಕಿಕೊಳ್ಳಿ. ವೈರ್ ಇರುವುದು ಒಳ್ಳೆಯದು. ಒಂದೇ ಬ್ಲೂಟೂತ್ ಇಯರ್‌ಫೋನಿನಲ್ಲಿ ಕಾಲ್ ಮತ್ತು ಹಾಡು ಎರಡನ್ನೂ ಕೇಳಲು ಹೋದರೆ, ಮೈಕ್ ಶುರುವಾದ ಕೂಡಲೇ ಅದು ಕಾಲ್‌ನ ಗುಣಮಟ್ಟಕ್ಕೆ ಇಳಿಯುತ್ತದೆ, ತಂಬೂರಿ ಹಳೆಯ ರೇಡಿಯೊದಲ್ಲಿ ಬಂದಂತೆ ಕೇಳುತ್ತದೆ. ಒಂದು ಕಿವಿಗೆ ಕಾಲ್, ಇನ್ನೊಂದು ಕಿವಿ ಕೋಣೆಯ ಸ್ಪೀಕರಿಗೆ, ನಾನು ಹೀಗೇ ಕೇಳುವುದು.

ಡೇಟಾ ಕಡಿಮೆ ಇದ್ದರೆ ವಿಡಿಯೊ ಕಾಲ್ ಬಿಡಿ, ಸಾದಾ ಕಾಲ್ ಮಾಡಿ. ಆದರೆ ಎರಡು ಸಿಮ್ ಇರುವ ಫೋನಿನಲ್ಲಿ ಒಂದರಲ್ಲಿ ಮಾತಾಡುವಾಗ ಇನ್ನೊಂದರ ನೆಟ್ ನಿಂತುಹೋಗಬಹುದು. ಡೇಟಾ ಇರುವ ಸಿಮ್‌ನಿಂದಲೇ ಕಾಲ್ ಹಚ್ಚಿ. ಇಬ್ಬರೂ ವಿಡಿಯೊದ ಗುಣಮಟ್ಟ ಆಟೋದಲ್ಲಿ ಬಿಡದೆ 480ಪಿಗೆ ಕಟ್ಟಿಹಾಕಿದರೆ ನಡುನಡುವೆ ತಿರುಗುವ ಚಕ್ರ ಜಾಸ್ತಿ ಬರುವುದಿಲ್ಲ.

ಇನ್ನು ಮಳೆಗಾಲದಲ್ಲಿ ಕರೆಂಟ್ ಹೋಗುವುದು ಇದ್ದದ್ದೇ. ರೌಟರಿಗೆ ಹಚ್ಚುವ ಸಣ್ಣ ಯುಪಿಎಸ್ ಸಿಗುತ್ತದೆ, ವಾರಕ್ಕೊಮ್ಮೆ ಹೀಗೆ ಕೂರುವವರು ಒಂದು ತಂದಿಟ್ಟುಕೊಳ್ಳಿ. ಅದಿಲ್ಲದಿದ್ದರೆ ಮೊದಲೇ ಮಾತಾಡಿಕೊಂಡಿರಿ: ಕಾಲ್ ಕಟ್ ಆದರೆ ಉಳಿದವರು ತಕ್ಷಣ ನಿಲ್ಲಿಸಿ, ಎಷ್ಟನೇ ನಿಮಿಷಕ್ಕೆ ನಿಂತಿದೆ ಎಂದು ಮೆಸೇಜ್ ಹಾಕಬೇಕು. ಕರೆಂಟ್ ಬಂದವರು ಅದಕ್ಕಿಂತ 10 ಸೆಕೆಂಡ್ ಹಿಂದೆ ತಂದಿಟ್ಟುಕೊಂಡು ಫೋನ್ ಹಚ್ಚಲಿ.